ಅನುಕಂಪದ ಮೇಡಂ

ಮೂಳೆ ವಿಭಾಗದ ಡಾಕ್ಟರ್ ಪದ್ಮರಾಜ ಪಾಠದ ಮೊದಲ ದಿನ ನಮಸ್ಕಾರ ಮಾಡಿದ್ದು ನನ್ನ ಮೊಣಕಾಲಿಗೆ. ಕೈ ಮುಗಿದು, ಬಹಳ ವಿನಯದಿಂದ, "ಎಡಗಡೇದು ಸ್ವಲ್ಪ ಸವೆದಿದೆ ಮೇಡಂ, ಮೆಟ್ಟಿಲು ಹತ್ತೋದು ಕಡಿಮೆ ಮಾಡಿ" ಎಂದ. ಕುಳಿತುಕೊಳ್ಳಿ ಎಂದೆ. ಕುಳಿತ. ಅವನ ಹಿಂದೆಯೇ ಬಂದ ಮಕ್ಕಳ ವಿಭಾಗದ ಡಾಕ್ಟರ್ ಫರ್ಹಾನಾ ಕುರ್ಚಿ ಖಾಲಿ ಇದೆ ಎಂದುಕೊಂಡು ಅವನ ಮೇಲೆಯೇ ಕೂರಲು ಹೋದಳು.

"ಇಲ್ಲಿದೀನಿ ಮಾರಾಯ್ತಿ" ಎಂದ ಪದ್ಮರಾಜ.

"ಒಂದ್ಸಲ ಕೆಮ್ಮೋಕೆ ಏನಾಗಿತ್ತು ನಿಂಗೆ" ಎಂದು ಅವಳು ಪಕ್ಕದ ಕುರ್ಚಿಯನ್ನು ಕೈಯಿಂದ ತಡವಿ ನೋಡಿ ಕುಳಿತಳು. ಅವಳಿಗೆ ಬೆಳೆದವರು ಕಾಣುವುದಿಲ್ಲ. ಮೀಸೆ ಚಿಗುರುವ ತನಕ ಮಕ್ಕಳು ಕಾಣುತ್ತಾರೆ. ಆಮೇಲೆ ಒಂದು ದಿನ ಮಾತಿನ ನಡುವೆಯೇ ಮಾಯವಾಗುತ್ತಾರೆ.

ನಮ್ಮ ಊರಿಗೆ ಇದು ಹೊಸದಲ್ಲ. ಡಾಕ್ಟರಾದವರು ತಜ್ಞರಾಗಲು ಮತ್ತೆ ಓದಿಗೆ ಸೇರಿದ ಮೇಲೆ, ಮೊದಲ ವರ್ಷ ಕಳೆಯುವುದರೊಳಗೆ, ಅವರ ವಿಷಯವೊಂದನ್ನು ಬಿಟ್ಟು ಮನುಷ್ಯನಲ್ಲಿ ಬೇರೇನೂ ಅವರಿಗೆ ಕಾಣಿಸದು. ಊರವರು ಅದಕ್ಕೆ ತಕ್ಕ ಹಾಗೆ ಬದುಕುತ್ತಾರೆ. ಕಿವಿ ಡಾಕ್ಟರು ಬಂದರೆ ಸೊಪ್ಪಿನವಳು ಸೆರಗು ಸರಿಸಿ ಕಿವಿ ಮುಂದೆ ಮಾಡುತ್ತಾಳೆ. ಅರಿವಳಿಕೆ ಓದುವವರಿಗೆ ಮಲಗಿದವರು ಮಾತ್ರ ಕಾಣುವುದರಿಂದ, ಅವರ ಹೆಂಡತಿಯರು ಮುಖ್ಯವಾದ ಮಾತೇನಾದರೂ ಇದ್ದರೆ ಚಾಪೆ ಹಾಸಿ ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಸಮುದಾಯ ಆರೋಗ್ಯದವರಿಗೆ ಒಬ್ಬೊಬ್ಬರೇ ಕಾಣುವುದಿಲ್ಲ, ಗುಂಪು ಕಾಣುತ್ತದೆ. ಅವರನ್ನು ಊಟಕ್ಕೆ ಎಬ್ಬಿಸಲು ಮನೆಯವರು ಅಕ್ಕಪಕ್ಕದವರನ್ನೆಲ್ಲ ಕರೆತರುತ್ತಾರೆ. ಕಣ್ಣಿನ ವಿಭಾಗದ ಒಬ್ಬ ಹುಡುಗ ತನ್ನ ತಾಯಿಯನ್ನು ಆಕೆಯ ಕಣ್ಣಿನ ಪೊರೆಯಿಂದ ಗುರುತು ಹಿಡಿಯುತ್ತಿದ್ದ. ಪೊರೆ ತೆಗೆಸಿಕೊಂಡು ಚಕ್ಕುಲಿ ಡಬ್ಬಿಯೊಂದಿಗೆ ಬಂದ ತಾಯಿಯನ್ನು "ಯಾರಮ್ಮಾ ನೀವು" ಎಂದ. ಆಪರೇಷನ್ ಮಾಡಿದವನೂ ಅವನೇ. ಕಿಡ್ನಿ ವಿಭಾಗದವರು ಎದುರಾದರೆ ನಾವು ಬೆನ್ನು ತಿರುಗಿಸಿ ನಿಲ್ಲುತ್ತೇವೆ. ಹಿಂದಿನಿಂದ ಚೆನ್ನಾಗಿ ಕಾಣುತ್ತದಂತೆ. ಎದುರೆದುರು ನಿಂತು ಮಾತಾಡಿದರೆ ಸೊಕ್ಕಿನವರು ಎನ್ನುತ್ತಾರೆ.

ಕಿಡ್ನಿ ವಿಭಾಗದ ಡಾಕ್ಟರ್ ನಿಜಗುಣ ಆ ದಿನ ಕೊನೆಯವನಾಗಿ ಬಂದು ಕಿಟಕಿಯ ಬಳಿ ಕುಳಿತ. ನಾನು ಅವನ ಎದುರಿಗೇ ನಿಂತೆ. ಬೆನ್ನು ತಿರುಗಿಸಲಿಲ್ಲ. ಅವನು ತಲೆ ತಗ್ಗಿಸಿದ.

ಶ್ರೀಕಂಠ ತೀರಿಕೊಂಡಾಗ ಹತ್ತಿರವಿದ್ದವನು ಇವನೊಬ್ಬನೇ. ಶ್ರೀಕಂಠ ನನ್ನ ಗಂಡ, ಸರ್ಕಾರಿ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ. ನಮ್ಮ ಊರು ಯಾವ ನಕಾಶೆಯಲ್ಲೂ ಇಲ್ಲವೆಂಬುದು ಅವನಿಗೆ ಕೊನೆಯವರೆಗೂ ಬೇಸರದ ವಿಷಯವಾಗಿತ್ತು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ನೋಡಿಕೋ ಎಂದರೆ ಅದರ ಮುಂದೆಯೇ ನಿಲ್ಲುತ್ತಿದ್ದ. ಹಾಲು ಉಕ್ಕಿ ಒಲೆ ಆರಿದ ಮೇಲೆ ನಾನು ಬಂದು ಕೇಳಿದರೆ "ನೋಡ್ತಾನೇ ಇದ್ದೆ ಕಣೆ" ಎನ್ನುತ್ತಿದ್ದ. ಅವನ ಕಿಡ್ನಿಗಳು ಕೆಟ್ಟವು. ನನ್ನದೊಂದನ್ನು ಕೊಡುವುದೆಂದು ತೀರ್ಮಾನವಾಯಿತು, ಪರೀಕ್ಷೆಗಳು ನಡೆದವು, ಹೊಂದುತ್ತದೆ ಎಂದರು. ಕೊನೆಯದೊಂದು ಪರೀಕ್ಷೆಗೆ ನಾನು ಕೆಳಗೆ ರಕ್ತ ಕೊಡುತ್ತಿದ್ದೆ. ಅಷ್ಟರಲ್ಲಿ ಮೇಲೆ ಅವನು ಹೋದ. ನಾನು ತೋಳಿಗೆ ಹತ್ತಿ ಒತ್ತಿಕೊಂಡು ಬಂದಾಗ ಬಾಗಿಲಲ್ಲಿ ನಿಜಗುಣ ನಿಂತಿದ್ದ.

"ಎರಡೂ ನಿಂತುಹೋದವು ಮೇಡಂ" ಎಂದ.

"ಅವರು?" ಎಂದೆ.

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಾನು ಬೇರೆ ರೀತಿ ಕೇಳಿದೆ. "ನಂಗೇನಾದ್ರೂ ಹೇಳಿದ್ರಾ?"

"ಇಲ್ಲ ಮೇಡಂ. ರಕ್ತದ ಕ್ರಿಯಾಟಿನಿನ್ ಹೇಳಿತ್ತು, ಬೆಳಿಗ್ಗೇನೇ."

ಬಾಯಿ ಕಾಣದವನು ಇಲ್ಲ ಎಂದರೆ ಅದನ್ನು ಹೇಗೆ ನಂಬುವುದು. ವಾರ್ಡಿನಲ್ಲಿ ಹತ್ತು ಬಾಯಿ ಮಾತಾಡುತ್ತಿರುತ್ತವೆ, ಯಾವ ಮಾತು ಯಾರದೆಂದು ಅವನಿಗೆ ಗೊತ್ತಾಗುವುದಾದರೂ ಹೇಗೆ. ನಮ್ಮ ಊರಿನ ಡಾಕ್ಟರುಗಳಿಗೆ ನಿವೃತ್ತಿಯ ದಿನ, ಹಾರ ಹಾಕಿಸಿಕೊಂಡು ಮನೆಗೆ ಬರುವ ದಾರಿಯಲ್ಲಿ, ಜನ ಪೂರ್ತಿಯಾಗಿ ಕಾಣತೊಡಗುತ್ತಾರೆ. ಒಬ್ಬರು ಪೂರ್ತಿ ಕಂಡರೆ ಸಾಕು, ಹಿಂದೆ ನೋಡಿದವರೆಲ್ಲ, ಸತ್ತವರೂ ಸೇರಿ, ಮುಖ ಮಾತು ಸಮೇತ ನೆನಪಿಗೆ ಬರುತ್ತಾರೆ. ಕೆರೆಯ ಪಕ್ಕದ ಪಾರ್ಕಿನಲ್ಲಿ ಅಂಥ ಮುದುಕರು ಸಾಲಾಗಿ ಕುಳಿತು ದಾರಿಹೋಕರ ಮುಖವನ್ನೇ ನೋಡುತ್ತಿರುತ್ತಾರೆ. ಕೆಲವರು ಯಾರದೋ ಹೆಸರು ಹಿಡಿದು ಕ್ಷಮೆ ಕೇಳುತ್ತಿರುತ್ತಾರೆ. ನಿಜಗುಣ ಆ ಬೆಂಚಿಗೆ ಬರುವ ತನಕ ಕಾಯಲು ನನಗೆ ಆಯುಷ್ಯ ಇದ್ದೀತು, ತಾಳ್ಮೆ ಇರಲಿಲ್ಲ. ಅವನಿಗೆ ಈಗಲೇ ಒಬ್ಬ ಮನುಷ್ಯ ಪೂರ್ತಿ ಕಾಣಬೇಕಾಗಿತ್ತು. ಕಂಡರೆ ಶ್ರೀಕಂಠನೂ ಕಾಣುತ್ತಾನೆ, ಏನಾದರೂ ಹೇಳಿದ್ದರೆ ಅದೂ ಕೇಳಿಸುತ್ತದೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಕೆಲಸ ಸಿಕ್ಕಿದ್ದು ಅನುಕಂಪದ ಆಧಾರದ ಮೇಲೆ. ಗಂಡ ಸರ್ಕಾರಿ ನೌಕರಿಯಲ್ಲಿದ್ದು ಸತ್ತರೆ ಹೆಂಡತಿಗೆ ಒಂದು ಹುದ್ದೆ ಕೊಡುವ ಕ್ರಮವಿದೆ. ಎಲ್ಲಿ ಖಾಲಿ ಇದೆಯೋ ಅಲ್ಲಿ. ನಾನು ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಎರಡು ಹುದ್ದೆ ಖಾಲಿ ಇದ್ದವು. ಒಂದು ಪಶು ಇಲಾಖೆಯಲ್ಲಿ ಗುಮಾಸ್ತೆಯದು, ಇನ್ನೊಂದು ದೊಡ್ಡಾಸ್ಪತ್ರೆಯಲ್ಲಿ ಕಿರಿಯ ವೈದ್ಯರಿಗೆ ವೃತ್ತಿ ವಿಕಸನ ತರಬೇತಿ ಕೊಡುವುದು. ಎರಡನೆಯದಕ್ಕೆ ಯಾರೂ ಅರ್ಜಿ ಹಾಕಿರಲಿಲ್ಲ, ಅದು ಏನೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಆಸ್ಪತ್ರೆ ಎಂದೆ. ಹಳೆಯ ಪ್ಲಾಸ್ಟರ್ ಕೋಣೆಯನ್ನು ಬಿಟ್ಟುಕೊಟ್ಟರು. ಗೋಡೆಯ ಮೇಲೆ ಬಿಳಿ ಕೈಗಳ ಗುರುತು ಇನ್ನೂ ಇತ್ತು. ಒಂದು ಬೋರ್ಡು, ಕಿಟಕಿಯಲ್ಲಿ ಒಣಗಿದ ಕ್ರೋಟನ್ ಗಿಡದ ಕುಂಡ, ಮೇಜು. ಕಲಿಯುವವರು ನನ್ನನ್ನು ಅನುಕಂಪದ ಮೇಡಂ ಎಂದು ಕರೆದರು. ತಮಾಷೆಗೆ ಶುರುವಾದದ್ದು ಆಮೇಲೆ ಹಾಜರಿ ಕೂಗುವವರ ಬಾಯಲ್ಲೂ ಬಂತು.

ಸೂಪರಿಂಟೆಂಡೆಂಟ್ ಡಾಕ್ಟರ್ ಮುರಿಗೆಪ್ಪನವರು ಹೃದಯದ ಶಸ್ತ್ರವೈದ್ಯರು. ಕೆಲಸಕ್ಕೆ ವರದಿ ಮಾಡಿಕೊಳ್ಳಲು ಹೋದಾಗ ನನ್ನ ಎದೆಯ ಕಡೆ ನೋಡಿ, ಪಾಪ ಅವರಿಗೆ ನೋಡಲು ಇನ್ನೇನಿದೆ, "ಗಂಡ ಹೋದ್ರು ಅಂತ ಹೇಳಿದ್ರು. ಚಿಂತೆ ಮಾಡಬೇಡಮ್ಮ. ನಿನ್ನ ಹೃದಯಕ್ಕೆ ಏನೂ ಆಗಿಲ್ಲ" ಎಂದರು. ಅವರು ಹೇಳಿದ್ದು ಸರಿ ಎಂದು ನನಗೂ ಅನ್ನಿಸಿತು. ಅಳು ಬಂದಿರಲಿಲ್ಲ. ಹಸಿವು, ಬಾಯಾರಿಕೆ ಸಹ ಬರುತ್ತಿರಲಿಲ್ಲ.

"ನಾನು ಏನು ಕಲಿಸಬೇಕು ಸರ್?"

"ಏನಾದ್ರೂ ಕಲಿಸು. ತಪಾಸಣಾ ತಂಡದವರು ಬರ್ತಾರೆ, ಅವರಿಗೆ ಕೋಣೆ ತೋರಿಸ್ಬೇಕು, ಒಳಗೆ ಕುರ್ಚಿ ಇರ್ಬೇಕು. ಆದ್ರೆ ಹುಷಾರು. ಇವರಿಗೆ ಈಗಲೇ ಜನ ಕಾಣೋ ಹಾಗೆ ಮಾಡಿಬಿಡಬೇಡ. ಕೈ ನಡುಗುತ್ತೆ. ಆಮೇಲೆ ಸೂಜಿ ಹಿಡಿಯೋರು ಯಾರು?"

ನಾನು ಹೂಂ ಎಂದು ಬಂದು, ಅವರು ಬೇಡವೆಂದದ್ದನ್ನೇ ಕಲಿಸಲು ಕುಳಿತೆ.

ಮೊದಲ ಪಾಠ ಸುಲಭದ್ದು. ನಿಮಗೆ ಕಾಣುವ ಅಂಗದ ಅಂಚಿನಿಂದ ಒಂದು ಬೆರಳಿನಷ್ಟು ಆಚೆ ನೋಡಿ ಎಂದೆ. ಪದ್ಮರಾಜ ಬೆವತು ಹೋದ. "ಮೊಣಕಾಲಿನ ಮೇಲೆ ಏನಿದೆ?" ಎಂದೆ. "ತೊಡೆ ಮೂಳೆ ಮೇಡಂ." "ಅದರ ಹೊರಗೆ?" "ಸೀರೆ ಇರಬಹುದು ಅಂತ ಅಂದಾಜು." "ಬಣ್ಣ?" "ಮೂಳೆ ಬಣ್ಣ." ಫರ್ಹಾನಾಳ ಕಷ್ಟ ಇನ್ನೂ ದೊಡ್ಡದು. ಅವಳ ಪಾಲಿಗೆ ನಾನು ಒಂದು ದನಿ, ಬೋರ್ಡಿನ ಮೇಲೆ ತಾನಾಗಿ ಓಡುವ ಸೀಮೆಸುಣ್ಣ. ಅವಳು ನೋಟ್ಸ್ ಬರೆದುಕೊಳ್ಳುತ್ತಿದ್ದದ್ದು ಸೀಮೆಸುಣ್ಣಕ್ಕೆ ಮರ್ಯಾದೆ ಕೊಟ್ಟು. ನಿಜಗುಣ ಮಾತಾಡುತ್ತಿರಲಿಲ್ಲ. ನಾನು ಅವನ ಎದುರು ನಿಂತಷ್ಟು ಹೊತ್ತೂ ತಲೆ ತಗ್ಗಿಸಿರುತ್ತಿದ್ದ. ಬೋರ್ಡಿನ ಕಡೆ ತಿರುಗಿ ಬರೆದು ಮತ್ತೆ ಇತ್ತ ತಿರುಗಿದಾಗ ಮಾತ್ರ ಅವನ ತಲೆ ಎತ್ತಿರುತ್ತಿತ್ತು, ನನ್ನನ್ನು ಕಂಡು ಮತ್ತೆ ತಗ್ಗುತ್ತಿತ್ತು. ಪಾಠದಲ್ಲಾದರೂ ಆಸಕ್ತಿ ಇದೆಯಲ್ಲ ಎಂದುಕೊಂಡೆ.

ಎರಡು ತಿಂಗಳಾದ ಮೇಲೆ ಶುರುಮಾಡಿದ ಎರಡನೆಯ ಪಾಠದಿಂದ ರಂಪವಾಯಿತು. ರೋಗಿಯನ್ನು ಮುಟ್ಟುವ ಮೊದಲು, ಯಾರಾದರೂ ಸಿಕ್ಕಾಗ ನಾವೆಲ್ಲ ಕೇಳುವ ಹಾಗೆ, ಊಟ ಆಯ್ತಾ ಎಂದು ಕೇಳಿ ಎಂದಿದ್ದೆ. ಕೇಳಿ, ಉತ್ತರ ಮುಗಿಯುವ ತನಕ ಕಾಯಿರಿ. ಉತ್ತರದ ಜೊತೆಗೆ ಮುಖ ಬಂದೀತೆಂಬುದು ನನ್ನ ಲೆಕ್ಕ. ಮರುದಿನ ಬೆಳಿಗ್ಗೆ ಪದ್ಮರಾಜ ಆಪರೇಷನ್‌ಗೆಂದು ಉಪವಾಸ ಮಲಗಿಸಿದ್ದ ಒಬ್ಬ ಲಾರಿ ಚಾಲಕನನ್ನು "ಊಟ ಆಯ್ತಾ?" ಎಂದು ಕೇಳಿದ. ಡಾಕ್ಟರೇ ಕೇಳುತ್ತಿದ್ದಾರೆಂದರೆ ಮಾಡಬಹುದೆಂದೇ ಅರ್ಥ ಎಂದುಕೊಂಡ ಆತ ಕ್ಯಾಂಟೀನಿನಿಂದ ಇಡ್ಲಿ ತರಿಸಿ ತಿಂದ. ಪಕ್ಕದ ಹಾಸಿಗೆಯವನಿಗೂ ಕೊಟ್ಟ. ಅವನನ್ನೂ ಪದ್ಮರಾಜ ಕೇಳಿದ್ದ. ಮಧ್ಯಾಹ್ನದ ಹೊತ್ತಿಗೆ ಮೂಳೆ ವಾರ್ಡಿನಲ್ಲಿ ಉಪವಾಸ ಇದ್ದವರು ಯಾರೂ ಉಳಿದಿರಲಿಲ್ಲ. ಅವತ್ತಿನ ಆಪರೇಷನ್‌ಗಳೆಲ್ಲ ಮುಂದಕ್ಕೆ ಹೋದವು.

"ಇದೇನಮ್ಮಾ ಇದು" ಎಂದರು ಮುರಿಗೆಪ್ಪನವರು. "ವಿಕಸನ ಅಂದ್ರೆ ಇಡ್ಲಿ ತಿನ್ಸೋದಾ?"

"ಅವರು ಕೇಳಿದ್ದು ಸರಿಯಾಗೇ ಇತ್ತು ಸರ್. ರೋಗಿಗಳು ಉತ್ತರ ಕೊಡೋ ಬದಲು ಊಟ ಮಾಡಿದ್ರು."

"ನೋಡು, ತಂಡದವರು ಮುಂದಿನ ವಾರ ಬರ್ತಿದಾರೆ. ಇವರಲ್ಲಿ ಯಾರಾದ್ರೂ ಒಬ್ಬರಾದ್ರೂ, ಎದುರಿಗಿರೋರು ಯಾರು ಅಂತ ಗುರುತು ಹಿಡಿದು ಹೇಳ್ಬೇಕಂತೆ. ಹೊಸ ನಿಯಮ. ಇಲ್ದಿದ್ರೆ ನಿನ್ನ ಹುದ್ದೆ ರದ್ದು. ಪಶು ಇಲಾಖೇಲಿ ಇನ್ನೂ ಖಾಲಿ ಇದೆ ಅಂತ ಕೇಳಿದೆ."

"ಜನ ಕಾಣೋ ಹಾಗೆ ಮಾಡಬೇಡ ಅಂದಿದ್ರಲ್ಲ ಸರ್ ನೀವು."

"ಕಾಣಬಾರದು. ಗುರುತು ಹಿಡೀಬೇಕು. ಏನಾದ್ರೂ ಮಾಡಮ್ಮ."

ಹುದ್ದೆ ಹೋಗುವುದರ ಬಗ್ಗೆ ನನಗೆ ಏನೂ ಅನ್ನಿಸಲಿಲ್ಲ. ದನಗಳ ಇಲಾಖೆಗೆ ಹೋದರೆ ನಿಜಗುಣ ಮತ್ತೆ ಸಿಗುವುದಿಲ್ಲ ಎಂಬುದೊಂದೇ ತಲೆಯಲ್ಲಿ ನಿಂತಿತು. ಆ ವಾರ ಪಾಠ ದಿನವೂ ಇಟ್ಟೆ. ಪ್ಲಾಸ್ಟರ್ ಕೋಣೆಗೆ ನಾನು ಬರುವ ಹೊತ್ತಿಗೆ ಮೇಜಿನ ಮೇಲೆ ಒಂದು ಸ್ಟೀಲ್ ತಂಬಿಗೆಯಲ್ಲಿ ನೀರು, ಮೇಲೆ ಲೋಟ ಮುಚ್ಚಿ, ಇಟ್ಟಿರುತ್ತಿತ್ತು. ಮೊದಲ ವಾರದಿಂದಲೂ ಹಾಗೇ. ಆಯಾ ಗೌರಮ್ಮನ ಕೆಲಸವೆಂದುಕೊಂಡು ಒಮ್ಮೆ ಅವಳಿಗೆ ಹೇಳಿದೆ, "ದಿನಾ ನೀರಿಡ್ತೀರಲ್ಲ ಗೌರಮ್ಮ, ಒಳ್ಳೇದಾಯ್ತು."

"ಅಯ್ಯೋ, ನಮ್ಮ ಕೈಲಾಗೋದು ಅಷ್ಟೇ ತಾನೇ ಮೇಡಮ್ಮೋರೆ" ಎಂದಳು ಗೌರಮ್ಮ, ಸ್ವಲ್ಪ ಆಶ್ಚರ್ಯದಿಂದ, ಮತ್ತು ಶನಿವಾರ ಬೇಗ ಹೋಗಲು ಅಪ್ಪಣೆ ಕೇಳಿದಳು. ನಾನು ಆ ನೀರು ಕುಡಿಯುತ್ತಿರಲಿಲ್ಲ. ಬಾಯಿಗೆ ಇಟ್ಟರೆ ಒಳಗೆ ಹೋಗುತ್ತಿರಲಿಲ್ಲ. ಇಟ್ಟವರಿಗೆ ಬೇಸರವಾಗಬಾರದೆಂದು ಪಾಠ ಮುಗಿದ ಮೇಲೆ ಕ್ರೋಟನ್‌ಗೆ ಸುರಿದು ತಂಬಿಗೆ ಬೋರಲು ಹಾಕಿ ಹೋಗುತ್ತಿದ್ದೆ. ಒಣಗಿದ್ದ ಗಿಡ ಚಿಗುರಿ ಕಿಟಕಿಯ ಅರ್ಧ ಮುಚ್ಚಿತು.

ಆ ವಾರ ಮೊದಲು ಫರ್ಹಾನಾಗೆ ಏನೋ ಆಯಿತು. ಮಗುವಿನೊಂದಿಗೆ ಬಂದಿದ್ದ ಒಬ್ಬ ಅಜ್ಜ, ಮಗುವಿಗೆ ಬಿಸ್ಕತ್ತು ಕೊಟ್ಟು ತನಗೆ ಕೊಡಲಿಲ್ಲವೆಂದು ಮುನಿಸಿಕೊಂಡು ಕುಳಿತಿದ್ದನಂತೆ. ಮುನಿದಷ್ಟು ಹೊತ್ತು ಅವನು ಅವಳಿಗೆ ಕಂಡ. "ಹಲ್ಲಿಲ್ಲ ಮೇಡಂ, ಆದ್ರೆ ಎಷ್ಟು ದೊಡ್ಡ ಮಗು" ಎಂದಳು. ಬಿಸ್ಕತ್ತು ಕೊಟ್ಟಳು, ಅವನು ನಕ್ಕ, ಮಾಯವಾದ. ಮಾರನೆಯ ದಿನ ನಾನು ಬೋರ್ಡು ಒರೆಸುತ್ತಿರುವಾಗ ಪದ್ಮರಾಜ ಕುರ್ಚಿಯಿಂದ ಎದ್ದ.

"ಮೇಡಂ, ನಿಮ್ಮ ಮುಂಗೈ ಮೂಳೆ ಮೇಲೆ ಏನೋ ಇದೆ."

"ಏನು?"

"ದುಂಡಗಿದೆ. ಓಡ್ತಾ ಇದೆ. ವಾಚು. ಸಡಿಲ ಆಗಿದೆ ಮೇಡಂ, ಮೊಣಕೈ ತನಕ ಜಾರ್ತಿದೆ. ಗಂಡಸರ ವಾಚು ಅದು."

"ಹೌದು" ಎಂದೆ.

"ಯಾರದು?" ಎಂದಳು ಫರ್ಹಾನಾ, ಸೀಮೆಸುಣ್ಣದ ಕಡೆ ನೋಡುತ್ತ.

ನಾನು ನಿಜಗುಣನ ಕಡೆ ತಿರುಗಿದೆ. ವಾಚು ಶ್ರೀಕಂಠನದು. ಅವನ ಕೈಯಿಂದ ಅದನ್ನು ತಡವಿ ಬಿಚ್ಚಿ ಒಂದು ಹತ್ತಿಯ ಉಂಡೆಯ ಜೊತೆ ನನ್ನ ಕೈಗೆ ಕೊಟ್ಟವನು ಇದೇ ನಿಜಗುಣ. ಅವನು ತಲೆ ತಗ್ಗಿಸಿಕೊಂಡು ಬೆರಳಿನಿಂದ ಮೇಜಿನ ಮೇಲೆ ಚೆಲ್ಲಿದ್ದ ನೀರನ್ನು ಒರೆಸುತ್ತಿದ್ದ. ಅವನಿಗೆ ಏನೂ ಕಂಡಿಲ್ಲ ಎಂದುಕೊಂಡೆ. ನಾನೇ ಸರಿಯಾದ ಗುರುವಲ್ಲವೇನೋ ಎಂದೂ ಅನ್ನಿಸಿತು. ಬೇರೆಯವರಿಗೆ ಒಂದೊಂದು ಬೆರಳಿನಷ್ಟಾದರೂ ಆಚೆ ಕಾಣತೊಡಗಿತ್ತು. ನನಗೆ ಬೇಕಾದವನೊಬ್ಬ ಅಲ್ಲೇ ನಿಂತಿದ್ದ.

ತಪಾಸಣಾ ತಂಡ ಗುರುವಾರ ಬಂತು. ತಂಡದವರಿಗೆ ಕುರ್ಚಿ, ಫ್ಯಾನು, ಗೋಡೆಯ ಉದ್ದಗಲ ಮಾತ್ರ ಕಾಣುತ್ತದೆ, ಅದು ಅವರ ವಿಷಯ. ಮುಖ್ಯಸ್ಥರು ಪ್ಲಾಸ್ಟರ್ ಕೋಣೆಗೆ ಬಂದವರೇ ಕಬ್ಬಿಣದ ಬೀರುವಿಗೆ ನಮಸ್ಕಾರ ಮಾಡಿ, "ನೀವೇ ಅಲ್ವಾ ತರಬೇತಿ ಕೊಡೋರು, ಗಟ್ಟಿಮುಟ್ಟಾಗಿದ್ದೀರಿ" ಎಂದರು. ಪರೀಕ್ಷೆಗೆ ನಿಲ್ಲಿಸಲು ಒಬ್ಬ ರೋಗಿ ಬೇಕಾಗಿತ್ತು. ಎಲ್ಲ ರೋಗಿಗಳನ್ನೂ ಹಾಸಿಗೆ ತುಂಬಿದೆ ಎಂದು ತೋರಿಸಲು ಮಲಗಿಸಿಬಿಟ್ಟಿದ್ದರು, ಏಳಕೂಡದೆಂದು ಹೇಳಿದ್ದರು. ಗುಣವಾಗಿ ಹೋದವರನ್ನೂ ಮನೆಯಿಂದ ಕರೆಸಿ ಮಲಗಿಸಿದ್ದರು. ಹೀಗಾಗಿ ನಾನೇ ಬೋರ್ಡಿನ ಮುಂದೆ ನಿಂತೆ. ನೀನು ನೀನೇ ಎಂದು ತೋರಿಸಿಕೊಳ್ಳಬಾರದು, ಮಾತಾಡಕೂಡದು ಎಂದು ಮುರಿಗೆಪ್ಪನವರು ತಾಕೀತು ಮಾಡಿದರು.

"ಇವರು ಯಾರು?" ಎಂದು ಮುಖ್ಯಸ್ಥರು ಕೇಳಿದರು, ನಾನಿರುವ ದಿಕ್ಕನ್ನು ಮುರಿಗೆಪ್ಪನವರಿಂದ ಕೇಳಿ ತಿಳಿದುಕೊಂಡು.

ಪದ್ಮರಾಜ ಎದ್ದ. ಮೊಣಕಾಲಿನಿಂದ ಶುರುಮಾಡಿ ಚೆನ್ನಾಗಿಯೇ ಹೇಳಿದ. ಮುಂಗೈಗೆ ಬಂದು ವಾಚು ಎಂದ. "ಹಾಗಾದ್ರೆ ಯಾರು?" ಎಂದರು ಮುಖ್ಯಸ್ಥರು. "ಟೈಮ್ ಹನ್ನೊಂದೂಕಾಲು ಸರ್" ಎಂದು ಕುಳಿತ. ಫರ್ಹಾನಾ ಬಹಳ ಹೊತ್ತು ಬೋರ್ಡು ನೋಡಿ, "ಸ್ವಲ್ಪ ಮುನಿಸ್ಕೊಳ್ಳಿ" ಎಂದು ಪಿಸುಗುಟ್ಟಿದಳು. ನನಗೆ ಮುನಿಸು ಬರಲಿಲ್ಲ. ಅವಳೂ ಕುಳಿತಳು. ಮುರಿಗೆಪ್ಪನವರು ಕರವಸ್ತ್ರ ತೆಗೆದರು. ಪಶು ಇಲಾಖೆಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆಂದು ನಾನು ಯೋಚಿಸಿದೆ.

ನಿಜಗುಣ ಎದ್ದು ನಿಂತ. "ಮೇಡಂ, ಬೋರ್ಡ್ ಕಡೆ ತಿರುಗ್ತೀರಾ?" ಎಂದ. ಅಷ್ಟು ಜನರ ನಡುವೆ ಇಲ್ಲ ಎನ್ನಲಾಗಲಿಲ್ಲ. ತಿರುಗಿದೆ.

"ಇವರು ಏಳನೇ ಹಾಸಿಗೆ ಶ್ರೀಕಂಠ ಅವರ ಮನೆಯವರು ಸರ್" ಎಂದ.

ಬೋರ್ಡಿನ ಮೇಲೆ ನಿನ್ನೆಯ ಪಾಠ ಅರ್ಧ ಒರೆಸಿ ಉಳಿದಿತ್ತು. ನಾನು ಅದನ್ನೇ ಓದುತ್ತ ನಿಂತೆ.

"ವಿವರಿಸಿ" ಎಂದರು ಮುಖ್ಯಸ್ಥರು.

"ಎರಡೂ ಒಳ್ಳೇ ಕಿಡ್ನಿ ಸರ್. ಎಡಗಡೇದು ಒಂದೆಳೆ ದೊಡ್ಡದು. ಅದನ್ನೇ ಅವರಿಗೆ ಕೊಡೋಣ ಅಂತಿದ್ವಿ, ಕೊಡೋಕಾಗಲಿಲ್ಲ. ಆವಾಗಿಂದ ಇವಕ್ಕೆ ಕೆಲಸಾನೇ ಇಲ್ಲ. ಬೆಳಿಗ್ಗೆ ಅರ್ಧ ಲೋಟ ಕಾಫಿ ಬರುತ್ತೆ, ಅಷ್ಟೇ. ಯುಗಾದಿ ದಿನ ಎಲ್ಲರಲ್ಲೂ ಒಬ್ಬಟ್ಟಿನ ಸಾರಿನ ಉಪ್ಪು ಕಾಣ್ತಿತ್ತು, ಇವರಲ್ಲಿ ಕಾಣಲಿಲ್ಲ. ಗುರುವಾರ ಕಾಫೀನೂ ಬರಲ್ಲ. ಅವರು ಹೋಗಿದ್ದು ಗುರುವಾರ. ಇವತ್ತೂ ಬಂದಿಲ್ಲ ಸರ್. ನೀರು ಕೊ..." ಅವನು ಮಾತು ತಡೆದ. "ನೀರು ಸಿಗ್ತಾ ಇದೆ. ಎಲ್ಲಿ ಹೋಗ್ತಿದೆ ಗೊತ್ತಾಗ್ತಿಲ್ಲ."

ಮುಖ್ಯಸ್ಥರು ಜೊತೆಯವರಿಗೆ, "ಹೆಸರು ಹೇಳಿದ್ರು, ವಿಳಾಸಾನೂ ಹೇಳಿದ್ರು, ಏಳನೇ ಹಾಸಿಗೆ ಅಂತ. ಸಾಕು. ಕುರ್ಚಿ ಎರಡು ಕಡಿಮೆ ಇದೆ, ಬರ್ಕೊಳ್ಳಿ" ಎಂದು ಬೀರುವಿಗೆ ವಂದಿಸಿ ಮುಂದಿನ ಕೋಣೆಗೆ ನಡೆದರು. ಮುರಿಗೆಪ್ಪನವರು ಹೋಗುವಾಗ ನನ್ನ ಹತ್ತಿರ ಒಂದು ಗಳಿಗೆ ನಿಂತು, "ಇದೇನಮ್ಮಾ, ಹೀಗೆ ಹೊಡ್ಕೊಳ್ತಿದೆ" ಎಂದು ನನ್ನ ಎದೆಯನ್ನು ನೋಡಿ ಹೊರಗೆ ಹೋದರು. ಪದ್ಮರಾಜ ಫರ್ಹಾನಾಳ ತೋಳು ಹಿಡಿದು, "ಬಾ, ಕ್ಯಾಂಟೀನಿಗೆ" ಎಂದ. "ಯಾಕೆ, ಏನಾಯ್ತು, ಯಾರಿದಾರೆ ಒಳಗೆ" ಎಂದು ಕೇಳುತ್ತಲೇ ಅವಳೂ ಹೋದಳು.

ನಾನು ತಿರುಗಿ ನಿಜಗುಣನ ಎದುರಿಗೆ ನಿಂತೆ.

"ನಾನು ಯಾರು ಅಂತ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ ಮೇಡಂ. ಬೋರ್ಡ್ ಕಡೆ ತಿರುಗಿದ್ರಲ್ಲ. ಕಸಿ ಮಾಡೋಕೆ ಅಂತ ಅಷ್ಟು ದಿನ ನೋಡಿದ ಕಿಡ್ನಿ, ಮರೆಯುತ್ತಾ."

"ಹೇಳಲಿಲ್ಲ ನೀವು."

"ನೀವು ಯಾವಾಗ್ಲೂ ಎದುರಿಗೇ ನಿಲ್ತಿದ್ರಿ. ನನ್ನ ಮೇಲೆ ಸಿಟ್ಟಿದೆ ಅಂತ ಸುಮ್ನಾದೆ."

"ಇತ್ತು" ಎಂದೆ. ಸಿಟ್ಟು ಎಂಬುದು ನನ್ನಲ್ಲಿ ಇತ್ತೆಂದು ಆಗಲೇ ಗೊತ್ತಾದದ್ದು. "ಆವತ್ತು ನಿಮ್ಮನ್ನ ಒಂದು ಮಾತು ಕೇಳಿದ್ದೆ. ನನಗೇನಾದ್ರೂ ಹೇಳಿದ್ರಾ ಅಂತ."

"ಹೌದು ಮೇಡಂ. ಇಲ್ಲ ಅಂದೆ. ನಿಮಗೇನೂ ಹೇಳಲಿಲ್ಲ. ನನಗೆ ಹೇಳಿದ್ರು."

ಕಿಟಕಿಯಲ್ಲಿ ಕ್ರೋಟನ್ ಎಲೆಗಳು ಅಲ್ಲಾಡುತ್ತಿದ್ದವು.

"ಏನಂತ?"

"'ಅವಳನ್ನ ನೋಡ್ಕೊಳ್ಳಿ' ಅಂದ್ರು. ನಾನು ನೀರು ಕೇಳ್ತಿದಾರೇನೋ ಅಂತ ಬಗ್ಗಿದೆ. ಮತ್ತೆ ಅದನ್ನೇ ಅಂದ್ರು. ಅವಳನ್ನ ನೋಡ್ಕೊಳ್ಳಿ ಡಾಕ್ಟ್ರೇ, ಅಂತ. ನನ್ನ ಹತ್ರ ಯಾರೂ ಹಾಗೆ ಕೇಳಿಲ್ಲ ಮೇಡಂ. ಅದು ನನಗೆ ಹೇಳಿದ ಕೆಲಸ, ಯಾರಿಗೂ ಹೇಳಬೇಕು ಅಂತ ತಿಳೀಲಿಲ್ಲ. ನೋಡ್ತಾ ಇದೀನಿ. ನನಗೆ ಕಾಣೋದು ಇಷ್ಟೇ. ಇಷ್ಟನ್ನೇ ದಿನಾ ನೋಡ್ತಾ ಇದೀನಿ."

ಪಕ್ಕದ ಮನೆಯವರಿಗೆ ಬೀಗ ಹಾಕದ ಬಾಗಿಲು ತೋರಿಸಿ ಹೇಳುವ ಮಾತು ಅದು. ಒಲೆಯ ಮೇಲೆ ಹಾಲಿಟ್ಟು ಹೇಳುವ ಮಾತು. ಎಷ್ಟು ಸಲ ನಾನೇ ಹೇಳಿದ್ದೆ. ಹೇಳಿಸಿಕೊಂಡವನು ಉಕ್ಕುವ ತನಕ ನೋಡುತ್ತ ನಿಂತಿರುತ್ತಿದ್ದ. ಈಗ ಅವನು ಇಲ್ಲಿದ್ದಿದ್ದರೆ ನಗುತ್ತಿದ್ದ.

"ತಂಬಿಗೆ ಇಡ್ತಿದ್ದದ್ದು ನೀವಾ?"

"ಹೌದು. ಖಾಲಿ ಆಗಿರ್ತಿತ್ತು. ಆದ್ರೆ ನಿಮಗೆ ಬರ್ತಿರಲಿಲ್ಲ. ಎಲ್ಲಿಗೆ ಹೋಗ್ತಿತ್ತು ಮೇಡಂ?"

"ಕ್ರೋಟನ್ ಗಿಡಕ್ಕೆ."

ಅವನು ಕಿಟಕಿಯ ಕಡೆ ನೋಡಿದ. ಸ್ವಲ್ಪ ಯೋಚಿಸಿದ. "ಅದಕ್ಕೆ ಕಿಡ್ನಿ ಇಲ್ಲ" ಎಂದ. ತಮಾಷೆಗೆ ಹೇಳಿದನೋ, ವಿಷಯ ತಿಳಿಸಿದನೋ ಗೊತ್ತಾಗಲಿಲ್ಲ. ಅವನ ಕಣ್ಣು ಮತ್ತೆ ತಗ್ಗಿ ನನ್ನ ಸೊಂಟದ ಹತ್ತಿರ ನಿಂತಿತು. ಅವನಿಗೆ ನನ್ನ ಮುಖ ಆಗಲೂ ಕಂಡಿರಲಿಲ್ಲ. ಶ್ರೀಕಂಠನ ಮುಖವನ್ನೂ ಅವನು ನೋಡಿರಲಿಲ್ಲ. ಪಾರ್ಕಿನ ಬೆಂಚಿಗೆ ಬರುವ ತನಕ ನೋಡುವುದಿಲ್ಲ, ಅಷ್ಟು ವರ್ಷ ಕೈ ನಡುಗದೆ ಸೂಜಿ ಹಿಡಿಯುತ್ತಾನೆ. ಹಾಗೇ ಇರಲಿ ಎನ್ನಿಸಿತು. ಅವನನ್ನು ಒಂದು ಬೆರಳಿನಷ್ಟೂ ಆಚೆ ನೋಡು ಎಂದು ನಾನಿನ್ನು ಕೇಳುವವಳಲ್ಲ.

ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡೆ. ಆಮೇಲೆ, ನಮ್ಮ ಊರಿನ ಮರ್ಯಾದೆಯ ಪ್ರಕಾರ, ಅವನಿಗೆ ಬೆನ್ನು ಮಾಡಿ ನಿಂತೆ. ನನ್ನ ಮುಖ ಗೋಡೆಯ ಕಡೆ ಇತ್ತು. ಅದು ಒದ್ದೆಯಾಗಿದ್ದು ಗೋಡೆಯ ಮೇಲಿನ ಆ ಬಿಳಿ ಕೈಗಳಿಗೆ ಬಿಟ್ಟರೆ ಬೇರೆ ಯಾರಿಗೂ ಕಾಣುವಂತಿರಲಿಲ್ಲ. ಮೊದಲ ಗುಟುಕು ಒಳಗೆ ಇಳಿಯಿತು. ಲೋಟ ಮುಗಿದ ಮೇಲೆ ಇನ್ನೊಂದು ಬಗ್ಗಿಸಿಕೊಂಡೆ.

ಹಿಂದೆ ಅವನು ಕುರ್ಚಿ ಎಳೆದುಕೊಂಡು ಕುಳಿತ ಸದ್ದಾಯಿತು. ಬಹಳ ಹೊತ್ತು ಇಬ್ಬರೂ ಹಾಗೇ ಇದ್ದೆವು. ಹೊರಗೆ ವಾರ್ಡಿನಲ್ಲಿ ಮಲಗಿಸಿದ್ದವರೆಲ್ಲ ಎದ್ದು ಮನೆಗೆ ಹೋಗುವ ಗಲಾಟೆ ಕೇಳುತ್ತಿತ್ತು.

"ಬಂತು ಮೇಡಂ" ಎಂದ ನಿಜಗುಣ.